ಕಾರ್ ಸ್ಟ್ರೀಟಲ್ಲಿ ಕಾರಿಲ್ಲದ ದಿನ

ಕಳೆದ ಸಂಚಿಕೆಯಲ್ಲಿ ಒಬ್ರು "ಸೆಪ್ಟೆಂಬರ್ 22ಕ್ಕೆ ಎಂತ ವಿಶೇಷ" ಅಂತ ಕೇಳಿದ್ರು. ಅವತ್ತು ಸುಮಾರು ದೇಶಗಳಲ್ಲಿ ಕಾರ್ ಫ್ರೀ ಡೇ, ಕಾರನ್ನು ಮನೇಲೇ ಬಿಟ್ಟು ಹೊರಡುವ ದಿನ, ನಮ್ಮ ಮಂಗಳೂರಲ್ಲೂ ಒಂದ್ಸಲ ಮಾಡಿ ನೋಡ್ಬಹುದು ಅಂತ ನಾನು ಎರಡೇ ಲೈನ್ ಬರ್ದಿದ್ದೆ. ಆ ಎರಡು ಲೈನಿಗೆ ಬಂದಷ್ಟು ಪತ್ರ ಈ ಕಾಲಂಗೆ ಇತ್ತೀಚೆಗೆ ಯಾವುದಕ್ಕೂ ಬಂದಿಲ್ಲ ಮಾರಾಯ್ರೆ. ಅರ್ಧ ಬೈಗುಳ, ಕಾಲು ಭಾಗ ಶಹಬ್ಬಾಸ್, ಉಳಿದದ್ದು ನಿಜವಾದ ಪ್ರಶ್ನೆ. ಹಾಗಾಗಿ ಈ ಸಲ ಪೂರಾ ಜಾಗ ಇದಕ್ಕೇ. ಮೊಣಕಾಲು ನೋವಿನ ಬಗ್ಗೆ, ಸೈಟಿನ ಖಾತೆ ಬಗ್ಗೆ ಕೇಳಿದವ್ರು ಬೇಜಾರು ಮಾಡ್ಬೇಡಿ, ಮುಂದಿನ ಸಲ ಖಂಡಿತ.

ಪ್ರಶ್ನೆ: ನಮ್ಮ ಅಪ್ಪನಿಗೆ ನಿಮ್ಮ ಕಾಲಂ ಓದಿ ಹೇಳಿದೆ. ಅವರು "ಕಾರು ಫ್ರೀ ಅಂತೆಯಾ, ಎಲ್ಲಿ ಕೊಡ್ತಾರಂತೆ" ಅಂತ ಕೇಳಿದ್ರು. ತಮಾಷೆ ಬಿಡಿ, ಇದು ಶುರು ಮಾಡಿದ್ದು ಯಾರು? ಫಾರಿನ್ ಫ್ಯಾಷನ್ ಅಲ್ವಾ ಇದು?
(ಕಾಲೇಜು ವಿದ್ಯಾರ್ಥಿನಿ, ಮಣ್ಣಗುಡ್ಡ)

ಅಪ್ಪನಿಗೆ ನನ್ನ ನಮಸ್ಕಾರ ಹೇಳಮ್ಮ. ಫ್ರೀ ಅಂದ ಕೂಡ್ಲೆ ಕಿವಿ ನೆಟ್ಟಗಾಗೋದು ನನಗೂ ಉಂಟು.

ಇದು ಮೊದ್ಲು ಪರಿಸರದ ಕಾಳಜಿಯಿಂದ ಹುಟ್ಟಿದ್ದೇ ಅಲ್ಲ, ಪೆಟ್ರೋಲ್ ಇಲ್ದೆ ಹುಟ್ಟಿದ್ದು. 1956ರಲ್ಲಿ ಸೂಯೆಜ್ ಕಾಲುವೆ ಗಲಾಟೆ ಆಗಿ ಎಣ್ಣೆ ಬರೋದು ಕಷ್ಟ ಆದಾಗ ಸ್ವಿಟ್ಜರ್ಲೆಂಡಲ್ಲಿ ಕೆಲವು ಆದಿತ್ಯವಾರ ಕಾರು ಓಡಿಸ್ಬಾರ್ದು ಅಂತ ಮಾಡಿದ್ರು. ಆಮೇಲೆ 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಸಿದಾಗ ನೆದರ್‌ಲ್ಯಾಂಡಲ್ಲಿ ನವೆಂಬರ್ 4ರಿಂದ ಆದಿತ್ಯವಾರ ಕಾರು ಬಂದ್, ಜರ್ಮನಿಯಲ್ಲೂ ಹಾಗೇ. ಹೈವೇ ಮೇಲೆ ಜನ ನಡೆದದ್ದು, ಸೈಕಲ್ ಬಿಟ್ಟದ್ದು, ಕುದುರೆ ಗಾಡಿ ಓಡಿಸಿದ್ದು ಎಲ್ಲ ಆಗಿನ ಫೋಟೋಗಳಲ್ಲಿ ಉಂಟು. ನೀನು ಈಗ ಕೇಳುವ ಕಾರ್ ಫ್ರೀ ಡೇ ಮಾತ್ರ ಫ್ರಾನ್ಸಿನ ಲಾ ರೋಷೆಲ್ ಅಂತ ಒಂದು ಕಡಲ ತೀರದ ಊರಲ್ಲಿ 1997ರಲ್ಲಿ ಆದದ್ದು. ಮರುವರ್ಷ ಫ್ರಾನ್ಸಿನ ಹಲವು ಊರಿಗೆ ಹಬ್ಬಿತು, 2000ಕ್ಕೆ ಪೂರಾ ಯುರೋಪಿಗೆ. ಕಡಲ ತೀರದ ಊರು ಅಂತ ಒತ್ತಿ ಹೇಳಿದ್ದು ಯಾಕೆ ಅಂತ ನಿನಗೆ ಗೊತ್ತಾಯ್ತಲ್ಲ.

ಫಾರಿನ್ ಫ್ಯಾಷನ್ ಅಂತೀಯಲ್ಲ, ಅದನ್ನು ನಾನು ಪೂರಾ ಒಪ್ಪೋದಿಲ್ಲ. ನಮ್ಮ ಕಾರ್ ಸ್ಟ್ರೀಟಿನ "ಕಾರ್" ಎಂತದ್ದು ಹೇಳು? ಅದು ಮಾರುತಿಯೂ ಅಲ್ಲ ಹುಂಡೈಯೂ ಅಲ್ಲ, ತೇರು. ರಥಬೀದಿಯನ್ನು ಇಂಗ್ಲಿಷಿನವ್ರು ಕಾರ್ ಸ್ಟ್ರೀಟ್ ಅಂದ್ರು, ನಾವೂ ಹಾಗೇ ಕರೀತೇವೆ. ವೆಂಕಟರಮಣ ದೇವಸ್ಥಾನದ ತೇರಿನ ದಿನ ಆ ಬೀದಿಗೆ ಗಾಡಿ ತರ್ಬೇಡಿ ಅಂತ ಯಾರೂ ಯಾರಿಗೂ ಭಾಷಣ ಮಾಡ್ಬೇಕಾಗಿಲ್ಲ. ಕುದ್ರೋಳಿ ದಸರಾ ಮೆರವಣಿಗೆ ರಾತ್ರಿ ಎಷ್ಟು ರಸ್ತೆಯಲ್ಲಿ ಗಾಡಿ ಬಂದ್ ಇರ್ತದೆ, ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸ್ಕೊಂಡು ಬೆಳಗಿನ ಜಾವದ ತನಕ ನಡೀತಾರೆ, ಒಬ್ಬನೂ ಗೊಣಗೋದಿಲ್ಲ. ರಸ್ತೆ ಅಡ್ಡ ಹಾಕೋದು ನಮಗೆ ಹೊಸತಲ್ಲ. ದೇವ್ರಿಲ್ದೆ, ಮೆರವಣಿಗೆ ಇಲ್ದೆ, ಬರೀ ನಡೀಲಿಕ್ಕೆ ಅಂತ ಅಡ್ಡ ಹಾಕೋದು ಮಾತ್ರ ಹೊಸತು.

ಪ್ರಶ್ನೆ: ಒಂದು ದಿನ ಕಾರು ನಿಲ್ಸಿದ್ರೆ ಗಾಳಿ ಶುದ್ಧ ಆಗ್ತದಾ? ಮರುದಿನ ಮತ್ತೆ ಅದೇ ಅಲ್ವಾ? ಸುಮ್ನೆ ಫೋಟೋಕ್ಕೆ ಮಾಡೋದು ಅಂತ ನನ್ನ ಅಭಿಪ್ರಾಯ.
(ಬ್ಯಾಂಕ್ ಉದ್ಯೋಗಿ, ಕೊಟ್ಟಾರ)

ಅರ್ಧ ನಿಮ್ಮದು ಸರಿ. 2015ರ ಸೆಪ್ಟೆಂಬರಲ್ಲಿ ಪ್ಯಾರಿಸ್ ಮೊದಲ ಸಲ ಮಾಡಿದಾಗ ಅಲ್ಲಿ ಅಳೆದು ನೋಡಿದ್ರು. ಕೆಲವು ರಸ್ತೆಗಳಲ್ಲಿ ಗಾಡಿ ಹೊಗೆಯಿಂದ ಬರುವ ನೈಟ್ರೋಜನ್ ಡೈಆಕ್ಸೈಡ್ ಶೇಕಡ 20ರಿಂದ 40ರಷ್ಟು ಇಳಿದಿತ್ತು. ಆದ್ರೆ ಅದು ಆ ದಿನದ ಲೆಕ್ಕ. ಹೊಗೆ ಬ್ಯಾಂಕ್ ಎಫ್‌ಡಿ ಅಲ್ಲ ನೋಡಿ, ಒಂದು ದಿನ ಉಳಿಸಿದ್ದಕ್ಕೆ ವರ್ಷ ಪೂರ್ತಿ ಬಡ್ಡಿ ಬರ್ಲಿಕ್ಕೆ.

ನಮ್ಮಲ್ಲಿ ಇನ್ನೂ ಒಂದು ವಿಷಯ ಉಂಟು. ಮಂಗಳೂರಿಗೆ ಮಧ್ಯಾಹ್ನ ಆದ್ರೆ ಕಡಲ ಗಾಳಿ ಬೀಸ್ತದೆ, ಡೆಲ್ಲಿ ಹಾಗೆ ಚಳಿಗಾಲದಲ್ಲಿ ಹೊಗೆ ನೆಲಕ್ಕೆ ಅಂಟಿ ಕೂರೋದು ನಮ್ಮಲ್ಲಿ ಕಮ್ಮಿ. ಹಾಗಾಗಿ ಗಾಳಿಯ ಹೆಸ್ರಲ್ಲಿ ಕಾರ್ ಫ್ರೀ ಡೇ ಮಾರ್ಲಿಕ್ಕೆ ಹೋದ್ರೆ ಇಲ್ಲಿ ವ್ಯಾಪಾರ ಆಗ್ಲಿಕ್ಕಿಲ್ಲ. ಮತ್ತೆ ದೇಶದಲ್ಲಿ ರಿಜಿಸ್ಟರ್ ಆದ ಗಾಡಿಗಳಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಭಾಗ ಟೂ ವೀಲರ್. ಕಾರು ಮಾತ್ರ ನಿಲ್ಸಿ ಸ್ಕೂಟರ್ ಬಿಟ್ರೆ ಹೊಗೆ ಎಷ್ಟು ಕಮ್ಮಿ ಆದೀತು, ಸ್ಕೂಟರನ್ನೂ ನಿಲ್ಸಿದ್ರೆ ಮೀನು ಮಾರುವ ಅಕ್ಕ, ಪೇಪರ್ ಹಾಕುವ ಹುಡುಗ, ಇವ್ರೆಲ್ಲ ಎಂತ ಮಾಡ್ಬೇಕು? ಯುರೋಪಿನ ಲೆಕ್ಕ ಇಲ್ಲಿ ಹಾಗೇ ಕೂರೋದಿಲ್ಲ.

ಶಬ್ದದ ವಿಷಯದಲ್ಲಿ ಮಾತ್ರ ಫಲ ಆ ಕೂಡ್ಲೇ ಗೊತ್ತಾಗ್ತದೆ. 2020ರ ಮಾರ್ಚ್ 22ಕ್ಕೆ, ಜನತಾ ಕರ್ಫ್ಯೂ ದಿನ, ಬಂಟ್ಸ್ ಹಾಸ್ಟೆಲ್ ಹತ್ರ ನಮ್ಮ ನೆಂಟ್ರ ಮನೆ ಬಾಲ್ಕನಿಯಲ್ಲಿ ಕೂತಾಗ ದೂರದ ಕೋಗಿಲೆ ಕೂಗಿದ್ದು ಕೇಳಿತ್ತು. ಆ ಮನೇಲಿ ಅವ್ರು ಇಪ್ಪತ್ತು ವರ್ಷದಿಂದ ಇದ್ದಾರೆ, ಅಲ್ಲಿ ಕೋಗಿಲೆ ಉಂಟು ಅಂತ ಅವ್ರಿಗೇ ಗೊತ್ತಿರ್ಲಿಲ್ಲ.

ಪ್ರಶ್ನೆ: ನಿಮ್ಮಂತವ್ರು ಎಸಿ ರೂಮಲ್ಲಿ ಕೂತು ಬರೀತೀರಿ. ಹಂಪನಕಟ್ಟೆಯಲ್ಲಿ ಅಂಗಡಿ ಇಟ್ಟವನ ಕಷ್ಟ ನಿಮಗೆಂತ ಗೊತ್ತು? ಮೊದ್ಲೇ ಆನ್‌ಲೈನ್ ಬಂದು ಅರ್ಧ ವ್ಯಾಪಾರ ಹೋಗಿದೆ, ರಸ್ತೆ ಅಗೆತ ಅಂತ ಎರಡು ವರ್ಷ ಧೂಳು ತಿಂದಿದ್ದೇವೆ, ಈಗ ಕಾರೂ ಬೇಡ ಅಂದ್ರೆ ಬಾಗಿಲು ಹಾಕ್ಲಿಕ್ಕಾ?
(ಬಟ್ಟೆ ಅಂಗಡಿ ಮಾಲಕರು, ಹಂಪನಕಟ್ಟೆ)

ಎಸಿ ಇಲ್ಲ ಸಾರ್, ಫ್ಯಾನು, ಅದೂ ಮೂರರಲ್ಲಿ ಇಟ್ರೆ ಕಟಕಟ ಅಂತದೆ. ಆದ್ರೆ ನಿಮ್ಮ ಸಿಟ್ಟು ನ್ಯಾಯದ್ದೇ, ಅದಕ್ಕೆ ಸ್ವಲ್ಪ ಉದ್ದ ಉತ್ತರ ಕೊಡ್ತೇನೆ.

ಮೊದ್ಲು ನಿಮ್ಮ ಕಡೆಯಿಂದ ನೋಡುವ. ಮದುವೆ ಸೀರೆಗೆ ಅಂತ ಪುತ್ತೂರಿಂದ, ಸುಳ್ಯದಿಂದ, ಕಾಸರಗೋಡಿಂದ ಬರೋದು ಒಬ್ರಿಬ್ರಲ್ಲ, ಅಜ್ಜಿ, ಅತ್ತೆ, ಮದುಮಗಳು, ಎರಡು ಮಕ್ಕಳು, ಡ್ರೈವರ್ ಸೇರಿ ಒಂದು ಇನ್ನೋವಾ. ಅವ್ರಿಗೆ ಪಂಪ್‌ವೆಲ್ಲಲ್ಲಿ ಕಾರು ಬಿಟ್ಟು ಬಸ್ಸಲ್ಲಿ ಬನ್ನಿ ಅಂದ್ರೆ ಅವ್ರು ಬರೋದಿಲ್ಲ, ಅಲ್ಲೇ ಹೊರಗೆ ಪಾರ್ಕಿಂಗ್ ಇರುವ ಮಾಲಿಗೆ ಹೋಗ್ತಾರೆ. ಅದು ನಷ್ಟವೇ. ಕಾರ್ ಫ್ರೀ ಮಾಡಿದ್ರೆ ಎಲ್ಲಾ ಅಂಗಡಿಗೂ ಲಾಭ ಅಂತ ಹೇಳುವವ್ರು ಯಾವತ್ತೂ ಗಲ್ಲಾಪೆಟ್ಟಿಗೆ ಹಿಂದೆ ಕೂತವ್ರಲ್ಲ. ಫ್ರಿಜ್ ಮಾರುವವ್ನಿಗೆ, ಮಂಚ ಮಾರುವವ್ನಿಗೆ ಗಾಡಿ ಬಾಗಿಲಿಗೇ ಬರ್ಬೇಕು. ಬಂದರಿನ ಹೋಲ್‌ಸೇಲ್ ಅಂಗಡಿಯವ್ರ ಕತೆ ಕೇಳೋದೇ ಬೇಡ, ಅಲ್ಲಿ ಲಾರಿ ನಿಂತ್ರೆ ಊರಿಗೆ ಬೆಲ್ಲ ಇಲ್ಲ, ಮೆಣಸು ಇಲ್ಲ.

ಈಗ ಇನ್ನೊಂದು ಕಡೆ. ನನ್ನ ಭಾವ ಒಬ್ರಿಗೆ ಪೇಟೆಯಲ್ಲೇ ಚಿಕ್ಕ ಸ್ಟೇಷನರಿ ಅಂಗಡಿ ಉಂಟು. ಅವ್ರೂ ನಿಮ್ಮ ಹಾಗೇ "ಪಾರ್ಕಿಂಗ್ ಇಲ್ದೆ ಗಿರಾಕಿ ಇಲ್ಲ" ಅಂತ ದಿನಾ ಹೇಳೋದು. ಒಂದು ಶನಿವಾರ ಸಂಜೆ ನಾನು ಸುಮ್ನೆ ಅಲ್ಲಿ ಸ್ಟೂಲು ಹಾಕ್ಕೊಂಡು ಕೂತೆ, ಬಂದವ್ರನ್ನೆಲ್ಲ "ಎಂತದ್ರಲ್ಲಿ ಬಂದ್ರಿ" ಅಂತ ಕೇಳ್ತಾ. ಕಾರಲ್ಲಿ ಬಂದವ್ರು ಬೆರಳೆಣಿಕೆ, ಉಳಿದವ್ರೆಲ್ಲ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಲ್ಲಿ ಇಳಿದು ನಡ್ಕೊಂಡು ಬಂದವ್ರು ಇಲ್ಲಾ ಸ್ಕೂಟರಿನವ್ರು. ಹಾಗಾದ್ರೆ ಅಂಗಡಿ ಎದ್ರು ಬೆಳಿಗ್ಗೆಯಿಂದ ನಿಂತ ಆ ಮೂರು ಕಾರು ಯಾರದ್ದು ಅಂತ ಕೇಳಿದೆ. ಒಂದು ಪಕ್ಕದ ಅಂಗಡಿಯವ್ರದ್ದು, ಒಂದು ಮೇಲಿನ ಆಫೀಸಿನವ್ರದ್ದು, ಮೂರನೇದು ಭಾವನದ್ದೇ! ಆಮೇಲೆ ಅವ್ರು ನನಗೆ ಚಾ ತರಿಸ್ಲೇ ಇಲ್ಲ.

ಇದೊಂದು ಅಂಗಡಿಯ ಕತೆ, ಇದ್ರಿಂದ ಊರಿಗೇ ತೀರ್ಪು ಕೊಡ್ಲಿಕ್ಕೆ ಆಗೋದಿಲ್ಲ ಅಂತ ನನಗೂ ಗೊತ್ತು. ಗ್ಯಾಂಗ್ಟಾಕಿನ ಎಂ.ಜಿ. ಮಾರ್ಗ್ ಪೂರ್ತಿ ನಡೆಯುವವ್ರಿಗೇ ಬಿಟ್ಟ ಬೀದಿ, ಅಲ್ಲಿ ಅಂಗಡಿಗಳು ತುಂಬಿ ತುಳುಕ್ತವೆ, ಆದ್ರೆ ಅದು ಟೂರಿಸ್ಟ್ ಊರು. ಡೆಲ್ಲಿಯ ಚಾಂದನಿ ಚೌಕಲ್ಲಿ ಬೆಳಿಗ್ಗೆ 9ರಿಂದ ರಾತ್ರಿ 9ರ ತನಕ ಮೋಟಾರು ಗಾಡಿ ಬೇಡ ಅಂತ 2021ರಲ್ಲಿ ಮಾಡಿದ್ರು, ಸಾಮಾನು ಇಳಿಸೋದು ಎಲ್ಲ ರಾತ್ರಿಗೆ. ಬೆಂಗಳೂರಲ್ಲಿ ಚರ್ಚ್ ಸ್ಟ್ರೀಟನ್ನು 2020ರ ನವೆಂಬರಿಂದ ಕೆಲವು ತಿಂಗಳು ವೀಕೆಂಡಲ್ಲಿ ಮಾತ್ರ ಬಂದ್ ಮಾಡಿ ನೋಡಿದ್ರು. ಇದೆಲ್ಲ ಒಂದೊಂದು ಬೀದಿ, ಗೊತ್ತಾದ ಟೈಮ್. ನಾನೂ ಅದನ್ನೇ ಹೇಳಿದ್ದು, ಹಂಪನಕಟ್ಟೆಯನ್ನು ಗುರುವಾರ ಮಧ್ಯಾಹ್ನ ಮುಚ್ಚಿ ಅಂತ ಹೇಳ್ಲಿಲ್ಲ. ನೀವು ಬೈದದ್ದಕ್ಕೆ ಬೇಜಾರಿಲ್ಲ, ನಿಮ್ಮ ಅಂಗಡಿಗೆ ಒಂದು ದಿನ ಸ್ಟೂಲು ಹಾಕ್ಕೊಂಡು ಕೂರ್ಲಿಕ್ಕೆ ಬರ್ಲಾ? ಚಾ ನಾನೇ ತರ್ತೇನೆ.

ಪ್ರಶ್ನೆ: ನಾನು ನರ್ಸ್. ತೊಕ್ಕೊಟ್ಟಿಂದ ಕಂಕನಾಡಿ ಕಡೆ ಡ್ಯೂಟಿಗೆ ಬರೋದು. ನೈಟ್ ಶಿಫ್ಟ್ ಆದ್ರೆ ಅಣ್ಣ ಕಾರಲ್ಲಿ ಬಿಡ್ತಾನೆ. ಕಾರ್ ಫ್ರೀ ಅಂತ ಮಾಡಿದ್ರೆ ನಾನು ಹೇಗೆ ಹೋಗೋದು? ಇದನ್ನೆಲ್ಲ ಪ್ಲಾನ್ ಮಾಡುವವ್ರು ಬಸ್ಸಲ್ಲಿ ಹೋಗಿದ್ದಾರಾ ಯಾವತ್ತಾದ್ರೂ?
(ಓದುಗರು, ತೊಕ್ಕೊಟ್ಟು)

ತಂಗೀ, ಈ ಸಲ ಬಂದ ಪತ್ರಗಳಲ್ಲಿ ನಿಮ್ಮದೇ ನನ್ನ ಮಂಡೆ ಬಿಸಿ ಮಾಡಿದ್ದು.

ಪ್ಲಾನ್ ಮಾಡುವವ್ರ ವಿಷಯ ನನಗೆ ಗೊತ್ತಿಲ್ಲ, ನಾನು ಬರ್ದವನು, ಹಾಗಾಗಿ ಮೊದ್ಲು ನಾನೇ ಮಾಡಿ ನೋಡ್ಬೇಕಲ್ಲ ಅಂತ ಹೋದ ತಿಂಗಳು ಒಂದು ಮಂಗಳವಾರ ಕಾರಿನ ಕೀ ಹೆಂಡತಿ ಕೈಲಿ ಕೊಟ್ಟು ಹೊರಟೆ. ಬೆಳಿಗ್ಗೆ ಏನೂ ತೊಂದ್ರೆ ಆಗ್ಲಿಲ್ಲ. ಬಿಜೈಯಲ್ಲಿ ನಿಂತು ಐದು ನಿಮಿಷ ಆಗ್ಲಿಲ್ಲ, ಒಂದರ ಹಿಂದೆ ಒಂದು ಎರಡು ಬಸ್, ಇಬ್ರು ಕಂಡಕ್ಟರೂ ನನ್ನನ್ನೇ ಕರೆಯೋದು, ಮದುವೆಗೆ ಬಂದ ನೆಂಟನ ಹಾಗೆ ಮರ್ಯಾದೆ. ಒಳಗೆ ಹತ್ತಿದ ಕೂಡ್ಲೆ "ದುಂಬು ಪೋಲೆ ದುಂಬು ಪೋಲೆ" ಅಂತ, ಅಂದ್ರೆ ಮುಂದೆ ಹೋಗಿ ಅಂತ, ತಳ್ಳಿದ್ದು ಬೇರೆ ವಿಷಯ. ಪಾರ್ಕಿಂಗ್ ಹುಡುಕುವ ಕೆಲ್ಸ ಇಲ್ದೆ ಆಫೀಸಿಗೆ ಹತ್ತು ನಿಮಿಷ ಮೊದ್ಲೇ ಮುಟ್ಟಿದೆ. ಮಧ್ಯಾಹ್ನ ಜ್ಯೋತಿ ಸರ್ಕಲಿಂದ ಕಂಕನಾಡಿಗೆ ನಡ್ದೆ. ಫುಟ್‌ಪಾತ್ ಒಂದಷ್ಟು ದೂರ ಚೆಂದ ಉಂಟು, ಆಮೇಲೆ ಒಂದು ಕಡೆ ಸ್ಲ್ಯಾಬ್ ಇಲ್ಲ, ಒಂದು ಕಡೆ ಟ್ರಾನ್ಸ್‌ಫಾರ್ಮರ್, ಒಂದು ಕಡೆ ಬೈಕ್ ಸಾಲು. ಬೆವ್ರು ಹೇಗೆ ಅಂದ್ರೆ ಅಂಗಿ ಹಿಂಡ್ಬಹುದಿತ್ತು.

ರಾತ್ರಿ ಕತೆ ಬೇರೆ. ಕೆಲ್ಸ ಮುಗ್ದು ಸ್ಟೇಟ್ ಬ್ಯಾಂಕಿಗೆ ಬಂದಾಗ ಒಂಬತ್ತೂವರೆ. ಬೋರ್ಡಲ್ಲಿ ನಮ್ಮ ಕಡೆಗೆ ಬಸ್ ಉಂಟು ಅಂತ ಇದ್ದದ್ದು ನಿಜ, ಬಸ್ ಇಲ್ಲ. ಬೊಂಡ ಮಾರುವವ್ರು ಗಾಡಿ ಮುಚ್ಚುತ್ತಾ "ಇವತ್ತು ಜನ ಕಮ್ಮಿ, ಟ್ರಿಪ್ ಕಟ್ ಮಾಡಿರ್ಬೇಕು" ಅಂದ್ರು. ಅರ್ಧ ಗಂಟೆ ನಿಂತೆ. ನನ್ನ ಹತ್ರ ಇಬ್ರು ಹೆಣ್ಮಕ್ಕಳೂ ನಿಂತಿದ್ರು, ಅಂಗಡಿ ಸೇಲ್ಸಿನವ್ರು, ಒಬ್ಳು ಯಾರಿಗೋ ಫೋನ್ ಮಾಡಿ ಮೆಲ್ಲಗೆ "ಬಸ್ ಇಲ್ಲ, ನೀನು ಬಾ" ಅಂತ ಹೇಳ್ತಾ ಇದ್ಳು. ಕೊನೆಗೆ ರಿಕ್ಷಾ, ಹತ್ತು ಗಂಟೆ ದಾಟಿದ್ರಿಂದ ಒಂದೂವರೆ ಚಾರ್ಜ್. ನನಗೆ ಅದು ಒಂದು ದಿನದ ಎಕ್ಸ್‌ಪೆರಿಮೆಂಟ್, ಅವ್ರಿಗೆ ದಿನಾ.

ನನಗೆ ಆ ರಾತ್ರಿ ಅನ್ಸಿದ್ದು ಇಷ್ಟು. ಬೆಳಿಗ್ಗೆ 8ರಿಂದ ರಾತ್ರಿ 8ರ ತನಕ ಮಂಗಳೂರು ಪೇಟೆಯಲ್ಲಿ ಕಾರಿಲ್ದೆ ಇರ್ಲಿಕ್ಕೆ ಏನೂ ಕಷ್ಟ ಇಲ್ಲ, ಇಷ್ಟು ಬಸ್ ಇರುವ ಊರು ರಾಜ್ಯದಲ್ಲಿ ಕಮ್ಮಿಯೇ. ಎಂಟು ಗಂಟೆ ದಾಟಿದ ಮೇಲೆ ಕಾರು ಇದ್ದವನೇ ದೊರೆ. ಬಸ್ ಓಡಿಸುವವ್ರನ್ನು ಮಾತ್ರ ಬೈಯೋದೂ ಸರಿ ಅಲ್ಲ, ಖಾಲಿ ಬಸ್ಸಿಗೆ ಡೀಸೆಲ್ ಹಾಕ್ಲಿಕ್ಕೆ ಖಾಸಗಿಯವ್ರಿಗೆ ಯಾರು ದುಡ್ಡು ಕೊಡ್ತಾರೆ? 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಂಗಸ್ರಿಗೆ ಟಿಕೆಟ್ ಫ್ರೀ, ಆದ್ರೆ ಅದು ಸರಕಾರಿ ಬಸ್ಸಲ್ಲಿ. ನಮ್ಮ ಸಿಟಿ ಬಸ್ ಹೆಚ್ಚಿನವು ಖಾಸಗಿ, ಹಾಗಾಗಿ ಬೆಂಗಳೂರಿನ ಅಕ್ಕನಿಗೆ ಸಿಕ್ಕಿದ್ದು ತೊಕ್ಕೊಟ್ಟಿನ ತಂಗಿಗೆ ದಿನನಿತ್ಯ ಸಿಗೋದಿಲ್ಲ.

ಕೊಲಂಬಿಯಾ ದೇಶದ ಬೊಗೊಟಾದವ್ರು 2000ದ ಫೆಬ್ರವರಿಯಲ್ಲಿ ಮೊದಲ ಸಲ ಕಾರಿಲ್ಲದ ದಿನ ಮಾಡಿದ್ರು, ಎನ್ರಿಕೆ ಪೆನ್ಯಲೋಸಾ ಅಂತ ಮೇಯರ್ ಇದ್ದಾಗ. ನಿಲ್ಸಿದ್ದು ಸ್ವಂತ ಕಾರು ಮಾತ್ರ, ಬಸ್ಸು ಟ್ಯಾಕ್ಸಿ ಎಲ್ಲ ಇತ್ತು. ಅದೇ ವರ್ಷ ಅಕ್ಟೋಬರಲ್ಲಿ ಜನರನ್ನೇ ವೋಟ್ ಹಾಕಿಸಿ ಕೇಳಿದ್ರು, ಪ್ರತಿ ವರ್ಷ ಬೇಕಾ ಅಂತ. ಜನ ಬೇಕು ಅಂದ್ರು. ವರ್ಷದ ಕೊನೆಗೆ ಡಿಸೆಂಬರಲ್ಲಿ ಬಸ್ಸಿಗೇ ಬೇರೆ ದಾರಿ ಇರುವ ಟ್ರಾನ್ಸ್‌ಮಿಲೇನಿಯೋ ಶುರು ಆಯ್ತು. ಕಾರು ಬಿಡಿ ಅಂತ ಹೇಳಿದವ್ರು ಬಸ್ಸೂ ತಂದು ನಿಲ್ಸಿದ್ರು, ಗಮನಿಸಿ. ಬೆಂಗಳೂರಲ್ಲೂ ಬಿಎಂಟಿಸಿಯವ್ರು 2010ರಲ್ಲಿ ತಿಂಗಳ 4ನೇ ತಾರೀಕು ಬಸ್ ಡೇ ಅಂತ ಶುರು ಮಾಡಿದ್ರು, ಅವತ್ತು ಕಾರು ಬಿಟ್ಟು ಬಸ್ ಹತ್ತಿ ಅಂತ. ನನಗೆ ಆ ಹೆಸ್ರೇ ಹೆಚ್ಚು ಇಷ್ಟ, "ಬೇಡ" ಅನ್ನುವ ದಿನಕ್ಕಿಂತ "ಹತ್ತಿ" ಅನ್ನುವ ದಿನ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ರಾತ್ರಿ ಹನ್ನೊಂದಕ್ಕೆ ಸ್ಟೇಟ್ ಬ್ಯಾಂಕಿಂದ ತೊಕ್ಕೊಟ್ಟಿಗೆ ಒಂದು ಬಸ್ ಗ್ಯಾರಂಟಿ ಆಗುವ ತನಕ ಯಾರೂ ನಿಮ್ಮ ಅಣ್ಣನ ಕಾರು ಮುಟ್ಟಬಾರ್ದು. ಕಳೆದ ಸಲ ನಾನು ಬರ್ದ ಎರಡು ಲೈನಲ್ಲಿ ಇದು ಇರ್ಬೇಕಿತ್ತು, ಇರ್ಲಿಲ್ಲ, ತಪ್ಪು ನನ್ನದು.

ಪ್ರಶ್ನೆ: ಅಮ್ಮನಿಗೆ 82. ವಾರಕ್ಕೆ ಮೂರು ಸಲ ಡಯಾಲಿಸಿಸ್. ಸುರತ್ಕಲ್‌ನಿಂದ ಕರ್ಕೊಂಡು ಬರ್ಬೇಕು. ಪೊಲೀಸರ ಹತ್ರ ರೋಡಲ್ಲಿ ನಿಂತು ಫೈಲ್ ತೋರಿಸ್ತಾ ಇರ್ಲಾ?
(ಓದುಗರು, ಸುರತ್ಕಲ್)

ಬೇಡ. ಖಂಡಿತ ಬೇಡ. ಬ್ರಸೆಲ್ಸಲ್ಲಿ ಸೆಪ್ಟೆಂಬರಿನ ಒಂದು ಆದಿತ್ಯವಾರ ಇಡೀ ಊರೇ ಕಾರ್ ಫ್ರೀ, ಆದ್ರೆ ನಿಮ್ಮಂತವ್ರು ಮೊದ್ಲೇ ಪರ್ಮಿಟ್ ತಗೊಂಡು ಗಾಜಿಗೆ ಹಚ್ಚಿದ್ರೆ ಆಯ್ತು, ನಿಧಾನ ಹೋಗ್ಬೇಕು ಅಷ್ಟೆ. ಇಲ್ಲಿ ಕಾಗದ ಮೊದ್ಲೇ ಕೊಡ್ತಾರಾ, ಕೊಟ್ರೂ ಆ ತಿರುವಲ್ಲಿ ನಿಂತ ಪೇದೆಗೆ ಅದ್ರ ವಿಷಯ ಗೊತ್ತಿರ್ತದಾ, ಅದು ಬೇರೆ ಪ್ರಶ್ನೆ. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಮಂಗಳೂರು ಆಸ್ಪತ್ರೆಗೆ ಬರ್ಲಿಕ್ಕಾಗ್ದೆ ಪಟ್ಟ ಪಾಡು ನಾವು ನೋಡಿದ್ದೇವೆ. ಆಸ್ಪತ್ರೆ ಊರು ನಮ್ಮದು, ರಸ್ತೆ ಅಡ್ಡ ಹಾಕುವ ಮೊದ್ಲು ಹತ್ತು ಸಲ ಯೋಚಿಸ್ಬೇಕು.

ರಿಯಾಯಿತಿ ಕೊಡೋದ್ರಲ್ಲೂ ಒಂದು ತೊಡಕು ಉಂಟು. 2016ರ ಜನವರಿಯಲ್ಲಿ ಡೆಲ್ಲಿಯವ್ರು ಸಮ ಬೆಸ ಅಂತ, ಅಂದ್ರೆ ಒಂದು ದಿನ ಸಮ ನಂಬರಿನ ಕಾರು, ಮರುದಿನ ಬೆಸ ನಂಬರಿನದ್ದು ಅಂತ ಮಾಡಿದಾಗ ಟೂ ವೀಲರಿಗೆ ವಿನಾಯಿತಿ, ಒಬ್ರೇ ಓಡಿಸುವ ಹೆಂಗಸ್ರಿಗೆ ವಿನಾಯಿತಿ, ಸಿಎನ್‌ಜಿಗೆ ವಿನಾಯಿತಿ, ವಿಐಪಿಗಳಿಗೆ ಕೇಳೋದೇ ಬೇಡ. ಉಪ್ಪಿನಕಾಯಿ ಹಾಕ್ಲಿಕ್ಕೆ ಹೋಗಿ ಉಪ್ಪೇ ಜಾಸ್ತಿ ಆದ ಹಾಗೆ. ವಿನಾಯಿತಿ ಕಮ್ಮಿ ಮಾಡಿ ಕಟ್ಟುನಿಟ್ಟು ಮಾಡಿದ್ರೆ ಇನ್ನೊಂದು ತಮಾಷೆ. ಮೆಕ್ಸಿಕೋ ಸಿಟಿಯಲ್ಲಿ 1989ರಿಂದ ವಾರಕ್ಕೊಂದು ದಿನ ನಂಬರ್ ಪ್ಲೇಟಿನ ಕೊನೇ ಅಂಕೆ ನೋಡಿ ಕಾರು ನಿಲ್ಸಿದ್ರು, ಜನ ಎಂತ ಮಾಡಿದ್ರು ಗೊತ್ತುಂಟಾ, ಬೇರೆ ನಂಬರಿನ ಒಂದು ಹಳೇ ಕಾರು ತಗೊಂಡ್ರು. ಮೊದ್ಲು ಮನೇಲಿ ಒಂದು ಇದ್ದದ್ದು ಈಗ ಎರಡು, ಎರಡನೇದು ಹೊಗೆ ಕಾರುವಂತದ್ದು. ನಮ್ಮವ್ರು ಇದ್ರಲ್ಲೆಲ್ಲ ಮೆಕ್ಸಿಕೋದವ್ರಿಗಿಂತ ಹುಷಾರು.

ಪ್ರಶ್ನೆ: ಆದಿತ್ಯವಾರ ಮಾಡಿದ್ರೆ ಯಾರಿಗೂ ತೊಂದ್ರೆ ಇಲ್ಲ ಅಂತ ನನ್ನ ಸಲಹೆ. ಆಫೀಸ್ ರಜೆ, ಶಾಲೆ ರಜೆ.
(ನಿವೃತ್ತ ಮೇಷ್ಟ್ರು, ಕದ್ರಿ)

ಮೇಷ್ಟ್ರೇ, ಯಾರಿಗೂ ತೊಂದ್ರೆ ಇಲ್ಲ ಅಂತ ಬರ್ದ ಮೇಲೆ ಒಂದ್ಸಲ ಮಿಲಾಗ್ರಿಸ್ ಚರ್ಚಿನ ಎದ್ರು ಆದಿತ್ಯವಾರ ಬೆಳಿಗ್ಗೆ ನಿಂತು ನೋಡಿ. ವಯಸ್ಸಾದ ಬಾಯಿಗಳು (ಕ್ರಿಶ್ಚಿಯನ್ ಹೆಂಗಸ್ರು), ಊರುಗೋಲು ಹಿಡ್ಕೊಂಡ ಅಜ್ಜಂದಿರು, ಮಗ ಸೊಸೆ ಕಾರಲ್ಲಿ ತಂದು ಬಾಗಿಲಲ್ಲೇ ಇಳ್ಸೋದು. ರೊಜಾರಿಯೊದಲ್ಲಿ, ಬೆಂದೂರಲ್ಲಿ, ಕುಲಶೇಖರದಲ್ಲಿ ಎಲ್ಲ ಕಡೆ ಅದೇ. ಪೂಜೆ ಮುಗಿಯುವಷ್ಟರಲ್ಲಿ ಮದುವೆ ಹಾಲ್‌ಗಳು ಶುರು, ನಮ್ಮಲ್ಲಿ ಆದಿತ್ಯವಾರ ಮದುವೆ ಎಷ್ಟು ಅಂತ ನಿಮಗೆ ಬೇರೆ ಹೇಳ್ಬೇಕಾ? ಒಂದೇ ದಿನ ಮೂರು ಕಡೆ ಊಟದ ಕಾಗದ ಬಂದವ್ರು ಕಾರಿಲ್ದೆ ಹೇಗೆ ಮುಟ್ಟೋದು, ಎರಡು ಕಡೆ ಬರೀ ಐಸ್‌ಕ್ರೀಮಿಗೆ ಹೋಗುವವ್ರೂ ಇದ್ದಾರೆ!

ಹಾಗಂತ ಬೇಡ ಅಂತಲ್ಲ. ಊರು ಪೂರ್ತಿ ಬೇಡ, ಒಂದು ರಸ್ತೆ ಸಾಕು. ನನ್ನ ಕಣ್ಣಿಗೆ ಬಿದ್ದದ್ದು ನಿಮ್ಮದೇ ಕದ್ರಿ ಪಾರ್ಕ್ ಹತ್ರದ ರಸ್ತೆ, ಬೆಳಿಗ್ಗೆ 6ರಿಂದ 9, ಮೂರೇ ಗಂಟೆ. ನಂತೂರು, ಕೆಪಿಟಿ ಕಡೆ ಹೈವೇ ಮುಟ್ಟೋದೇ ಬೇಡ, ಅಲ್ಲಿ ಮುಟ್ಟಿದ್ರೆ ಉಡುಪಿ ತನಕ ಕ್ಯೂ ನಿಲ್ತದೆ. ಇಂಡೋನೇಷ್ಯಾದ ಜಕಾರ್ತದಲ್ಲಿ ಹೀಗೇ ಮೇನ್ ರೋಡ್ ಒಂದನ್ನು ಆದಿತ್ಯವಾರ ಬೆಳಿಗ್ಗೆ ಬಂದ್ ಮಾಡ್ತಾರೆ, 2007ರಲ್ಲಿ ಶುರು, ಬಸ್ ಮಾತ್ರ ಅದ್ರ ಲೇನಲ್ಲಿ ಓಡ್ತಾ ಇರ್ತದೆ. ನಮ್ಮ ದೇಶದಲ್ಲಿ ಗುರುಗ್ರಾಮದವ್ರು 2013ರ ನವೆಂಬರಲ್ಲಿ ರಾಹ್‌ಗಿರಿ ಅಂತ ಶುರು ಮಾಡಿದ್ದೂ ಇದೇ ನಮೂನೆ.

ಮತ್ತೆ ಸೆಪ್ಟೆಂಬರ್ 22 ಅಂತ ಹಠ ಬೇಡ. ಯುರೋಪಲ್ಲಿ ಅದು ಒಳ್ಳೇ ಹವೆಯ ಕಾಲ, ನಮ್ಮಲ್ಲಿ ಆಗ ಮಳೆ ಇನ್ನೂ ಪೂರ್ತಿ ಬಿಟ್ಟಿರೋದಿಲ್ಲ. ಕೊಡೆ ಹಿಡ್ಕೊಂಡು ಸೈಕಲ್ ಬಿಡ್ಲಿಕ್ಕೆ ಆಗ್ತದಾ? ಡಿಸೆಂಬರ್ ಜನವರಿ ಆದ್ರೆ ಬೆಳಿಗ್ಗೆ ಸ್ವಲ್ಪ ತಂಪು ಉಂಟು, ಅಷ್ಟೇ ನಮಗೆ ಸಿಗುವ ಚಳಿಗಾಲ.

ಪ್ರಶ್ನೆ: ಸೈಕಲ್ ಟ್ರ್ಯಾಕ್ ಮಾಡಿದ್ರೆ ಎಲ್ಲ ಸರಿ ಆಗ್ತದೆ ಅಲ್ವಾ? ಮೈಸೂರಲ್ಲಿ ಉಂಟಲ್ಲ ಬಾಡಿಗೆ ಸೈಕಲ್.
(ಸೈಕಲ್ ಪ್ರೇಮಿ, ಬಲ್ಮಠ)

ಬಲ್ಮಠದ ಏರು ಹತ್ತುವವ್ರು ಈ ಪ್ರಶ್ನೆ ಕೇಳಿದ್ರಿ ಅಂದ್ರೆ ನಿಮ್ಮ ಕಾಲಿಗೆ ದೊಡ್ಡ ನಮಸ್ಕಾರ. ಮೈಸೂರಿನ ಟ್ರಿಣ್ ಟ್ರಿಣ್ 2017ರಲ್ಲಿ ಬಂದದ್ದು, ಆದ್ರೆ ಆ ಊರಲ್ಲಿ ಹೆಚ್ಚಿನ ಕಡೆ ರಸ್ತೆ ಸಮ, ಅಗಲ, ಹವೆ ಬೇರೆ. ನಮ್ಮದು ಗುಡ್ಡೆ ಗುಡ್ಡೆ ಊರು, ಎಲ್ಲಿಗೆ ಹೋಗೋದಾದ್ರೂ ಒಂದು ಇಳಿಯೋದು ಒಂದು ಹತ್ತೋದು. ಬ್ಯಾಟರಿ ಸೈಕಲ್ ಆದ್ರೆ ಆಗ್ಬಹುದು. ಅದಕ್ಕೂ ಮೊದ್ಲು ಚರಂಡಿ ಮೇಲಿನ ಸ್ಲ್ಯಾಬ್ ಹಾಕಿ ಕೊಡ್ಲಿ, ನಡೀಲಿಕ್ಕಾದ್ರೂ ಆಗ್ತದೆ.

ಪ್ರಶ್ನೆ: ಉಡುಪಿ ರಥಬೀದಿಯಲ್ಲಿ ಗಾಡಿ ಬಿಡೋದಿಲ್ಲ, ಎಷ್ಟು ಲಾಯ್ಕ ಉಂಟು. ಪೇಟೆ ಪೂರ್ತಿ ಹಾಗೆ ಮಾಡ್ಬಹುದಲ್ಲ?
(ಓದುಗರು, ಉಡುಪಿ)

ಲಾಯ್ಕ ಉಂಟು, ಸತ್ಯ. ಮಕ್ಕಳು ಕೈ ಬಿಟ್ಟು ಓಡ್ತಾರೆ, ಅಮ್ಮಂದಿರು ಹಿಂದೆ ಓಡೋದಿಲ್ಲ, ಅದೇ ದೊಡ್ಡ ಗುರುತು. ಎರಡು ವರ್ಷಕ್ಕೊಮ್ಮೆ ಪರ್ಯಾಯ ಬಂದಾಗ, ಜನವರಿ 18ರ ಬೆಳಗಿನ ಜಾವ, ಜೋಡುಕಟ್ಟೆಯಿಂದ ರಥಬೀದಿ ತನಕ ಮೆರವಣಿಗೆ ಬರುವ ದಾರಿ ಪೂರ್ತಿ ಜನ. ಆ ರಾತ್ರಿ ಇಡೀ ಪೇಟೆಯೇ ನೀವು ಹೇಳಿದ ಹಾಗೆ ಇರ್ತದೆ. ಆದ್ರೆ ಅದು ಒಂದು ರಾತ್ರಿ, ಅದಕ್ಕೆ ತಿಂಗಳುಗಟ್ಲೆ ತಯಾರಿ, ಊರಿನ ಹೊರಗೆ ಪಾರ್ಕಿಂಗ್, ಅಲ್ಲಿಂದ ನಡಿಗೆ.

ಪೂರ್ತಿ ಕಾರಿಲ್ಲದ ಊರು ಹೇಗಿರ್ತದೆ ಅಂತ ನೋಡ್ಬೇಕಾದ್ರೆ ಮುಂಬೈ ಹತ್ರದ ಮಾಥೇರಾನ್ ಉಂಟು. ಆಂಬುಲೆನ್ಸಿನಂತದ್ದು ಬಿಟ್ಟು ಮೋಟಾರು ಗಾಡಿ ಒಳಗೆ ಬಿಡೋದಿಲ್ಲ, ಕೆಂಪು ಮಣ್ಣಿನ ದಾರಿ, ನೋಡ್ಲಿಕ್ಕೆ ಸ್ವರ್ಗ. ಆದ್ರೆ ಅಲ್ಲಿ ಎಷ್ಟೋ ವರ್ಷ ಜನರನ್ನು ಕೂರಿಸ್ಕೊಂಡು ಏರಲ್ಲಿ ಕೈಗಾಡಿ ಎಳೆದದ್ದು ಮನುಷ್ಯರೇ. ನಾವು ಹೊಗೆ ಇಲ್ಲ ಅಂತ ಖುಷಿಯಲ್ಲಿ ಉಸಿರಾಡುವಾಗ ಅವನಿಗೆ ಉಸಿರೇ ಸಿಗ್ತಿರ್ಲಿಲ್ಲ. ಕೋರ್ಟ್ ತನಕ ಹೋಗಿ, ಬ್ಯಾಟರಿ ರಿಕ್ಷಾ ತರುವ ಮಾತು ಬಂತು. ಉಡುಪಿಯಲ್ಲೂ ಕಾರು ಹೊರಗೆ ನಿಲ್ಸಿದ್ರೆ ವಯಸ್ಸಾದ ಯಾತ್ರಿಕರ ಬ್ಯಾಗ್ ಯಾರು ಹೊರೋದು, ಹೊತ್ತವ್ನಿಗೆ ಎಷ್ಟು ಕೊಡೋದು, ಇದನ್ನೂ ಅದೇ ಮೀಟಿಂಗಲ್ಲಿ ಮಾತಾಡಿ.

ಪ್ರಶ್ನೆ: ಅಂಕಲ್, ರೋಡ್ ಖಾಲಿ ಮಾಡಿದ್ರೆ ನಾವು ಕ್ರಿಕೆಟ್ ಆಡ್ಬಹುದಾ? ನಮ್ಮ ಅಪಾರ್ಟ್‌ಮೆಂಟಲ್ಲಿ ಪಾರ್ಕಿಂಗಲ್ಲಿ ಆಡಿದ್ರೆ ಬೈತಾರೆ.
(7ನೇ ಕ್ಲಾಸ್, ಕದ್ರಿ)

ಪುಟ್ಟಾ, ಇಷ್ಟು ದೊಡ್ಡವ್ರೆಲ್ಲ ಎರಡೆರಡು ಪೇಜ್ ಬರ್ದ್ರು, ಖಾಲಿ ರೋಡಲ್ಲಿ ಎಂತ ಮಾಡೋದು ಅಂತ ಕೇಳಿದ್ದು ನೀನೊಬ್ನೇ.

ಬೊಗೊಟಾ ಅಂತ ಮೇಲೆ ಒಂದು ಊರಿನ ಹೆಸ್ರು ಬರ್ದಿದ್ದೇನೆ ನೋಡು, ಅಲ್ಲಿ 1974ರಿಂದ ಆದಿತ್ಯವಾರ ಮತ್ತೆ ರಜೆ ದಿನ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರ ತನಕ ನೂರು ಕಿಲೋಮೀಟರಿಗಿಂತ ಜಾಸ್ತಿ ರಸ್ತೆ ಕಾರಿಗೆ ಬಂದ್. ಜನ ಸೈಕಲ್ ಬಿಡ್ತಾರೆ, ಸ್ಕೇಟಿಂಗ್ ಮಾಡ್ತಾರೆ, ಓಡ್ತಾರೆ, ಕೆಲವು ಕಡೆ ಡ್ಯಾನ್ಸ್ ಕ್ಲಾಸೂ ಉಂಟು. ಕ್ರಿಕೆಟ್ ಮಾತ್ರ ಇಲ್ಲ, ಯಾಕಂದ್ರೆ ಅವ್ರಿಗೆ ಅದು ಗೊತ್ತೇ ಇಲ್ಲ, ಪಾಪ.

ಇಲ್ಲಿ ಕಾರ್ ಫ್ರೀ ಡೇ ಯಾವತ್ತಾದ್ರೂ ಆದ್ರೆ ಹೀಗೆ ಮಾಡು. ಟೆನಿಸ್ ಬಾಲ್ ಮಾತ್ರ, ವಾಕಿಂಗ್ ಬರುವ ಅಜ್ಜಂದಿರು ಹೋಗುವ ತನಕ ಬೌಲಿಂಗ್ ನಿಲ್ಸು, ಲಗೋರಿ ಆಡುವ ಹುಡುಗಿಯರಿಗೆ ಜಾಗ ಬಿಡು. ನಾನೂ ಬರ್ತೇನೆ, ಫೀಲ್ಡಿಂಗ್ ಆಗೋದಿಲ್ಲ, ಅಂಪೈರ್ ಆಗ್ತೇನೆ. ಸ್ಲ್ಯಾಬ್ ಇಲ್ಲದ ಚರಂಡಿಗೆ ಬಾಲ್ ಬಿದ್ರೆ ಎರಡು ರನ್, ತೆಗೀಲಿಕ್ಕೆ ಕೋಲು ನೀನೇ ತರ್ಬೇಕು.